ಅಲಿ ಗೆಲ್ತಾನಾ, ಟೈಸನ್ ಗೆಲ್ತಾನಾ? ಫೈಟ್ ನೈಟ್ ಚಾಂಪಿಯನ್‌ನಲ್ಲಿ ಆಡಿಸಿ ನೋಡಿದರೆ

ಬಾಕ್ಸಿಂಗ್ ನೋಡುವ ನಾಲ್ಕು ಜನ ಸೇರಿದರೆ ಮುಗೀತು, ಅಲಿ ಗೆಲ್ಲುತ್ತಿದ್ದನಾ ಟೈಸನ್ ಗೆಲ್ಲುತ್ತಿದ್ದನಾ ಅನ್ನುವ ಮಾತು ಬಂದೇ ಬರುತ್ತದೆ. ಅಲಿಯ ಕೊನೆಯ ಪಂದ್ಯ 1981ರ ಡಿಸೆಂಬರ್‌ನಲ್ಲಿ. ಟೈಸನ್ ವೃತ್ತಿಪರ ಬಾಕ್ಸಿಂಗ್‌ಗೆ ಇಳಿದದ್ದು 1985ರಲ್ಲಿ. ಇಬ್ಬರ ಕೈಗೂ ಸಿಕ್ಕಿದವರಲ್ಲಿ ಒಬ್ಬ ಟ್ರೆವರ್ ಬರ್ಬಿಕ್. ಅಲಿಯನ್ನು ಕೊನೆಯ ಪಂದ್ಯದಲ್ಲಿ ಸೋಲಿಸಿದವನೂ ಅವನೇ, 1986ರಲ್ಲಿ ಎರಡನೇ ಸುತ್ತಿನಲ್ಲೇ ಟೈಸನ್ ಏಟಿಗೆ ಬಿದ್ದು, ಎದ್ದು, ಮತ್ತೆ ಬಿದ್ದು ಚಾಂಪಿಯನ್ ಬೆಲ್ಟ್ ಕಳೆದುಕೊಂಡವನೂ ಅವನೇ. ಆದರೆ ಅವನನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ಅಲಿಗೆ ಅನ್ಯಾಯ. ಬರ್ಬಿಕ್‌ಗೆ ಸಿಕ್ಕಿದ್ದು 40ರ ಹೊಸ್ತಿಲಲ್ಲಿದ್ದ, ಕಾಲು ನಿಂತುಹೋಗಿದ್ದ ಅಲಿ.

ಇನ್ನು ಉಳಿಯುವುದು ವಿಡಿಯೋ ಗೇಮ್. ಫೈಟ್ ನೈಟ್ ಚಾಂಪಿಯನ್ ಬಂದದ್ದು 2011ರ ಮಾರ್ಚ್‌ನಲ್ಲಿ, ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ. ಪಿಸಿಗೆ ಬರಲೇ ಇಲ್ಲ. ಇಷ್ಟು ವರ್ಷವಾದರೂ ಜನ ಇದನ್ನೇ ಆಡುತ್ತಿದ್ದಾರೆ, ಯಾಕೆಂದರೆ ಈ ಸರಣಿಯಲ್ಲಿ ಇದಾದ ಮೇಲೆ ಇನ್ನೊಂದು ಬಂದಿಲ್ಲ. ಹಳೆ ಡಿಸ್ಕ್ ಈಗಿನ ಎಕ್ಸ್‌ಬಾಕ್ಸ್‌ನಲ್ಲೂ ಓಡುತ್ತದೆ. ಆದರೆ ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವ್ ಇಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ಅಗ್ಗಕ್ಕೆ ಸಿಗುತ್ತದೆ ಅಂತ ಸುಮ್ನೆ ತಂದಿಟ್ಟುಕೊಳ್ಳಬೇಡಿ. ಪ್ಲೇಸ್ಟೇಷನ್ 5 ಇರುವವರಿಗೂ ಪಿಎಸ್3 ಡಿಸ್ಕ್ ಉಪಯೋಗವಿಲ್ಲ.

ಅಲಿ, ಫ್ರೇಜಿಯರ್, ಫೋರ್‌ಮನ್, ಲಿಸ್ಟನ್, ಟೈಸನ್, ಹೋಲಿಫೀಲ್ಡ್, ಲೆನಕ್ಸ್ ಲೂಯಿಸ್, ಕ್ಲಿಚ್‌ಕೊ ಅಣ್ಣತಮ್ಮಂದಿರು. ಈ ಪಟ್ಟಿ ನೋಡಿದರೇ ಕೈ ತುರಿಸುತ್ತದೆ. ನೀವೇ ಆಡಬಹುದು, ಇಲ್ಲವೇ ಎರಡೂ ಕಡೆ ಕಂಪ್ಯೂಟರ್‌ಗೆ ಬಿಟ್ಟು ಕಾಫಿ ಹಿಡಿದು ಕೂತು ನೋಡಬಹುದು. ನನಗೆ ಎರಡನೆಯದೇ ಜಾಸ್ತಿ ಇಷ್ಟ. ನಾನೇ ಆಡಿದರೆ ಗೆಲ್ಲುವುದು ನನ್ನ ಹೆಬ್ಬೆರಳು, ಟೈಸನ್ ಅಲ್ಲ.

ಮೊದಲು ಅಲಿ–ಟೈಸನ್. ಗಂಟೆ ಬಾರಿಸಿದ ಕೂಡಲೇ ಟೈಸನ್ ತಲೆ ಆಡಿಸುತ್ತಾ ಒಳಗೆ ನುಗ್ಗುತ್ತಾನೆ, ಅಲಿ ಹಿಂದೆ ಸರಿಯುತ್ತಾ ಎಡಗೈ ಚಾಚಿ ಜ್ಯಾಬ್ ಕೊಡುತ್ತಾನೆ. ಟೈಸನ್ ತಲೆ ಬಗ್ಗಿಸಿದಾಗ ಜ್ಯಾಬ್ ಮೇಲೆ ಹೋಗುತ್ತದೆ, ಎತ್ತಿದಾಗ ಸರಿಯಾಗಿ ಮೂಗಿನ ಮೇಲೆ ಬೀಳುತ್ತದೆ. ಒಂದು ಸಲ ಒಳಗೆ ಸೇರಿಕೊಂಡರೆ ಮಾತ್ರ ಪಕ್ಕೆಗೆ ಒಂದು, ಗದ್ದಕ್ಕೆ ಒಂದು, ಬೆವರು ಹಾರುವುದು ಕಾಣುತ್ತದೆ, ಅಲಿ ಹಗ್ಗಕ್ಕೆ ಒರಗುತ್ತಾನೆ. ಈ ಆಟದಲ್ಲಿ ಒಂದೇ ಏಟಿಗೆ ನಾಕೌಟ್ ಆಗುವುದೂ ಉಂಟು, ಹಾಗಾಗಿ ಮೊದಲ ನಾಲ್ಕು ಸುತ್ತು ಉಸಿರು ಬಿಗಿಹಿಡಿದೇ ನೋಡಬೇಕು. ಆ ಸುತ್ತುಗಳು ದಾಟಿದರೆ ನನ್ನ ಮನೆಯಲ್ಲಿ ಸಾಮಾನ್ಯವಾಗಿ ಅಲಿಯೇ ಗೆಲ್ಲುತ್ತಾನೆ.

ಇದು ನಿಜಕ್ಕೂ ಹತ್ತಿರ ಇದೆ ಅಂತ ನನಗೆ ಅನ್ನಿಸುತ್ತದೆ. ಅಲಿಯ ವೀಕ್‌ನೆಸ್ ಏನು? ಎಡಗೈ ಹುಕ್, ಅಂದರೆ ಪಕ್ಕದಿಂದ ಬೀಸಿ ಬರುವ ಏಟು. 1963ರಲ್ಲಿ ಹೆನ್ರಿ ಕೂಪರ್ ಅದರಿಂದಲೇ ಕೆಡವಿದ, 1971ರಲ್ಲಿ ಫ್ರೇಜಿಯರ್ ಅದರಿಂದಲೇ ಕೆಡವಿದ. ಟೈಸನ್‌ಗೆ ಆ ಹುಕ್ ಚೆನ್ನಾಗೇ ಬರುತ್ತಿತ್ತು. ಆದರೆ ಟೈಸನ್‌ನ ವೀಕ್‌ನೆಸ್ ಇನ್ನೂ ನೇರವಾಗಿದೆ: ಎತ್ತರದವನು, ಉದ್ದ ಕೈ, ಒಳ್ಳೆ ಜ್ಯಾಬ್, ಹೆದರಿಕೆ ಇಲ್ಲ. 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಅದನ್ನೇ ಮಾಡಿ 10ನೇ ಸುತ್ತಿನಲ್ಲಿ ಮುಗಿಸಿದ. ಎಂಟನೇ ಸುತ್ತಿನಲ್ಲಿ ತಾನೇ ಕೆಳಗೆ ಬಿದ್ದು ಎದ್ದು ಬಂದು ಮುಗಿಸಿದ, ಅದನ್ನು ಮರೆಯಬಾರದು. ಡಗ್ಲಸ್‌ಗೆ ಆಗಿದ್ದು ಅಲಿಗೆ ಆಗಲ್ವಾ?

ಈಗ ನನ್ನ ತಕರಾರು. ಆಟದೊಳಗಿನ ಅಲಿ ಯಾವ ವರ್ಷದವನು? ನಡೆದಾಡುವುದು ನೋಡಿದರೆ 1966ರಲ್ಲಿ ಹೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರು ಸುತ್ತಿನಲ್ಲಿ ಮುಗಿಸಿದ ಅಲಿ. ಏಟು ತಡೆದುಕೊಳ್ಳುವುದು ನೋಡಿದರೆ 1974ರಲ್ಲಿ ಕಿನ್ಶಾಸಾದಲ್ಲಿ ಫೋರ್‌ಮನ್ ಗುದ್ದನ್ನೆಲ್ಲ ನುಂಗಿದವನು, ಮರುವರ್ಷ ಮನಿಲಾದಲ್ಲಿ ಫ್ರೇಜಿಯರ್ ಜೊತೆ 14 ಸುತ್ತು ನಿಂತವನು. ಈ ಎರಡು ಗುಣ ಒಂದೇ ದಿನ ಒಂದೇ ದೇಹದಲ್ಲಿ ಇರಲಿಲ್ಲ ಸ್ವಾಮಿ. ಸೇನೆಗೆ ಸೇರುವುದಿಲ್ಲ ಅಂದದ್ದಕ್ಕೆ 1967ರಿಂದ 1970ರವರೆಗೆ ಮೂರೂವರೆ ವರ್ಷ ಅವನನ್ನು ರಿಂಗ್‌ನಿಂದ ಹೊರಗಿಟ್ಟರು. ಆ ಕಾಲು ಆಮೇಲೆ ಪೂರ್ತಿ ವಾಪಸ್ ಬರಲಿಲ್ಲ. ಕಾಲು ಹೋಯಿತು ಅಂತಲೇ ಅವನು ಏಟು ತಿನ್ನುವುದನ್ನು ಕಲಿತದ್ದು. ಆಟ ಎರಡನ್ನೂ ಸೇರಿಸಿ ಒಬ್ಬನನ್ನು ಮಾಡಿದೆ. ಎಲ್ಲ ಚಾಂಪಿಯನ್‌ಗಳ ಕಥೆಯೂ ಇಷ್ಟೇ, ಪ್ರತಿಯೊಬ್ಬನಿಗೂ ಅವನ ಬೇರೆ ಬೇರೆ ವಯಸ್ಸಿನ ಒಳ್ಳೆಯದನ್ನೆಲ್ಲ ಒಟ್ಟಿಗೆ ಕೊಟ್ಟಿದ್ದಾರೆ. ಹೀಗಾಗಿ ಇಲ್ಲಿ ಗುದ್ದಾಡುವುದು ಎರಡು ಕಾಲದ ಬಾಕ್ಸರ್‌ಗಳಲ್ಲ, ಅವರ ಹೆಸರುಗಳು.

ಇಂಥ ಕೆಲಸ ಹೊಸದೇನಲ್ಲ. 1967ರಲ್ಲೇ ಅಮೆರಿಕದಲ್ಲಿ ಮರ್ರಿ ವೊರೋನರ್ ಅನ್ನುವವರು ಸಾರ್ವಕಾಲಿಕ ಹೆವಿವೇಟ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ, ಜಾತಕ ಹೊಂದಿಸಿದ ಹಾಗೆ ಅಂಕಿ ಹೊಂದಿಸಿ, ರೇಡಿಯೋದಲ್ಲಿ ಟೂರ್ನಿ ನಡೆಸಿದರು. ಫೈನಲ್‌ನಲ್ಲಿ 50ರ ದಶಕದ ಚಾಂಪಿಯನ್ ರಾಕಿ ಮಾರ್ಸಿಯಾನೊ 20ರ ದಶಕದ ಚಾಂಪಿಯನ್ ಡೆಂಪ್ಸಿಯನ್ನು ಸೋಲಿಸಿದ. ಅಲಿ? ಜಿಮ್ ಜೆಫ್ರೀಸ್ ಎದುರು ಸೋತ, ಅಂದರೆ ಕಂಪ್ಯೂಟರ್ ಹಾಗೆ ಅಂದಿತು. ಅಲಿ ಸಿಟ್ಟಾಗಿ 10 ಲಕ್ಷ ಡಾಲರ್ ಕೇಳಿ ಕೇಸ್ ಹಾಕಿದ. ಕೊನೆಗೆ ರಾಜಿಯಾಗಿ, 1969ರಲ್ಲಿ ಅಲಿ ಮತ್ತು ಮಾರ್ಸಿಯಾನೊ ಇಬ್ಬರನ್ನೂ ಮಯಾಮಿಯ ಸ್ಟುಡಿಯೋಕ್ಕೆ ಕರೆತಂದು ಸುಳ್ಳು ಪಂದ್ಯ ಚಿತ್ರೀಕರಿಸಿದರು. ಮಾರ್ಸಿಯಾನೊ ತೂಕ ಇಳಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದಿದ್ದ. ಚಿತ್ರ ತೆರೆಗೆ ಬಂದದ್ದು 1970ರ ಜನವರಿಯಲ್ಲಿ. ಅದರಲ್ಲಿ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಗೆದ್ದ. ನೋಡಲು ಅವನೇ ಇರಲಿಲ್ಲ, 1969ರ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಹೋಗಿದ್ದ. ಆ ಕಂಪ್ಯೂಟರ್‌ಗೆ ಹೋಲಿಸಿದರೆ ನಮ್ಮ ಫೈಟ್ ನೈಟ್ ಎಷ್ಟೋ ಮೇಲು, ಬಿಡಿ.

13ನೇ ಸುತ್ತು ಅಂದಾಗ ನೆನಪಾಯಿತು. ಬೇರೆ ಬೇರೆ ಕಾಲದವರನ್ನು ಹೋಲಿಸುವಾಗ ಎಲ್ಲರೂ ವೇಗ, ಬಲ, ಎತ್ತರ ಅಂತ ಮಾತಾಡುತ್ತಾರೆ, ಸುತ್ತು ಎಷ್ಟು ಅಂತ ಕೇಳುವವರು ಕಡಿಮೆ. ಹಿಂದೆ ಚಾಂಪಿಯನ್‌ಶಿಪ್ ಪಂದ್ಯ ಅಂದರೆ 15 ಸುತ್ತು. 1982ರ ನವೆಂಬರ್‌ನಲ್ಲಿ ಕೊರಿಯಾದ ಲೈಟ್‌ವೇಟ್ ಬಾಕ್ಸರ್ ಡಕ್ ಕೂ ಕಿಮ್, ರೇ ಮನ್ಸಿನಿ ಎದುರು 14ನೇ ಸುತ್ತಿನಲ್ಲಿ ಬಿದ್ದು ಆಮೇಲೆ ಸತ್ತ. ಅದಾದ ಮೇಲೆ ಒಂದೊಂದೇ ಸಂಸ್ಥೆ 12ಕ್ಕೆ ಇಳಿಸಿತು. ಈಗ ಹಿಂದಕ್ಕೆ ಹೋಗಿ ಲೆಕ್ಕ ಹಾಕಿ. 1941ರಲ್ಲಿ ಬಿಲ್ಲಿ ಕಾನ್ 12 ಸುತ್ತು ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರ ಅಂಕದ ಕಾರ್ಡ್‌ನಲ್ಲಿ ಜೋ ಲೂಯಿಸ್‌ಗಿಂತ ಮುಂದಿದ್ದ, 13ರಲ್ಲಿ ನಾಕೌಟ್ ಮಾಡಲು ಹೋಗಿ ತಾನೇ ಮಲಗಿದ. 1952ರಲ್ಲಿ ಮಾರ್ಸಿಯಾನೊ ಅಂಕದಲ್ಲಿ ಹಿಂದೆ ಬಿದ್ದಿದ್ದ, 13ರಲ್ಲಿ ಒಂದು ಬಲಗೈ ಏಟಿಗೆ ವಾಲ್ಕಾಟ್ ಮುಗಿದ. 1971ರಲ್ಲಿ ಫ್ರೇಜಿಯರ್ ಅಲಿಯನ್ನು ಕೆಡವಿದ್ದು 15ನೇ ಸುತ್ತಿನಲ್ಲಿ. 12ಕ್ಕೇ ನಿಲ್ಲಿಸಿದ್ದರೆ ಕಾನ್ ಚಾಂಪಿಯನ್, ಆ ರಾತ್ರಿ ವಾಲ್ಕಾಟ್ ಹತ್ತಿರವೇ ಬೆಲ್ಟ್, ಮಾರ್ಸಿಯಾನೊನ 49–0, ಅಂದರೆ 49 ಗೆಲುವು ಒಂದೂ ಸೋಲಿಲ್ಲ ಅನ್ನುವುದೇ ಇಲ್ಲ. ಯಾರ ಕಾಲದ ನಿಯಮ ಅನ್ನುವುದು ಅರ್ಧ ಪಂದ್ಯವನ್ನು ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ಮಾರ್ಸಿಯಾನೊ ಎದುರು ಈ ಕಾಲದ ಉಕ್ರೇನ್ ಬಾಕ್ಸರ್ ಉಸಿಕ್ ಅಂದರೆ 12 ಸುತ್ತಿಗೆ ನನ್ನ ದುಡ್ಡು ಉಸಿಕ್ ಮೇಲೆ, 15 ಅಂದರೆ ಸ್ವಲ್ಪ ಯೋಚನೆ ಮಾಡುತ್ತೇನೆ.

ಉಸಿಕ್, ಅವನ ಕಾಲದವನೇ ಆದ ಇಂಗ್ಲೆಂಡಿನ ಫ್ಯೂರಿ ಈ ಆಟದಲ್ಲಿ ಇಲ್ಲ, 2011 ಅಲ್ವಾ. ಆದರೆ ಹೊಸ ಬಾಕ್ಸರ್ ಸೃಷ್ಟಿಸುವ ಸೌಲಭ್ಯ ಇದೆ, ಜನ ಇಬ್ಬರನ್ನೂ ಮಾಡಿಕೊಂಡಿದ್ದಾರೆ. ನಾನು ಮಾಡಿದ ಉಸಿಕ್ ಮುಖ ಯಾರದೋ ತರ ಇದೆ, ಇರಲಿ. ಅವನನ್ನು ಹೋಲಿಫೀಲ್ಡ್ ಎದುರು ಬಿಟ್ಟರೆ ಬಹಳ ಚೆನ್ನಾಗಿರುತ್ತದೆ. ಇಬ್ಬರೂ ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್‌ನಲ್ಲಿ ಎಲ್ಲ ಬೆಲ್ಟ್ ಗೆದ್ದು, ಹೋಲಿಫೀಲ್ಡ್ 1988ರಲ್ಲಿ, ಉಸಿಕ್ 2018ರಲ್ಲಿ, ಆಮೇಲೆ ದೊಡ್ಡವರ ಜೊತೆ ಗುದ್ದಾಡಲು ಬಂದವರು.

ಫೋರ್‌ಮನ್–ಟೈಸನ್ ವಿಚಾರದಲ್ಲಿ ಆಟದ ಜೊತೆ ನನಗೆ ಜಗಳವಿಲ್ಲ. ಬಗ್ಗಿಕೊಂಡು ಮುಂದೆ ಬರುವವರು ಅಂದರೆ 1973ರ ಫೋರ್‌ಮನ್‌ಗೆ ಹಬ್ಬ. ಕಿಂಗ್‌ಸ್ಟನ್‌ನಲ್ಲಿ ಫ್ರೇಜಿಯರ್ ಹಾಗೇ ಬಂದ, ಎರಡು ಸುತ್ತಿನಲ್ಲಿ ಆರು ಸಲ ಬಿದ್ದ. ಟೈಸನ್ ಕೈ ಫ್ರೇಜಿಯರ್‌ಗಿಂತ ವೇಗ, ಒಪ್ಪಿದೆ, ಆದರೂ ಒಳಗೆ ಹೋಗುವ ದಾರಿಯಲ್ಲಿ ಫೋರ್‌ಮನ್‌ನ ಅಪ್ಪರ್‌ಕಟ್, ಕೆಳಗಿನಿಂದ ಗದ್ದಕ್ಕೆ ಏಳುವ ಏಟು, ಕಾಯುತ್ತಿರುತ್ತದೆ.

ಲೆನಕ್ಸ್ ಲೂಯಿಸ್ ಮತ್ತು ವ್ಲಾದಿಮಿರ್ ಕ್ಲಿಚ್‌ಕೊ ಬಂದಾಗ ಆಟ ಸ್ವಲ್ಪ ಎಡವುತ್ತದೆ. ಆರು ಅಡಿ ಐದು, ಆರು ಅಡಿ ಆರು ಇಂಚಿನ ಆಳುಗಳು. ಕೈ ಉದ್ದದ ವ್ಯತ್ಯಾಸ ಆಟದಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ, ಹತ್ತಿರ ಬಂದವನ ಮೇಲೆ ಭಾರ ಹಾಕಿ ಸುಸ್ತು ಮಾಡುವುದು ಮಾತ್ರ ಗೊತ್ತಾಗುವುದಿಲ್ಲ. 2013ರಲ್ಲಿ ಮಾಸ್ಕೋದಲ್ಲಿ ಪೊವೆಟ್ಕಿನ್ ಎದುರು ವ್ಲಾದಿಮಿರ್ ಆಡಿದ್ದು ನೆನಪಿದೆಯಾ? ಜ್ಯಾಬ್, ತಬ್ಬಿಕೋ, ಮೇಲೆ ಒರಗು, ಮತ್ತೆ ಜ್ಯಾಬ್. ನೋಡಲು ಬೇಜಾರು, ಗೆಲ್ಲಲು ಸಾಕು. ಫ್ರೇಜಿಯರ್‌ನಂಥ ಕುಳ್ಳ ಬಾಕ್ಸರ್‌ಗೆ ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇಲ್ಲ. ಆಟದ ವ್ಲಾದಿಮಿರ್ ಸಜ್ಜನನ ತರ ದೂರ ನಿಂತು ಗುದ್ದಾಡಿ ಸೋಲುತ್ತಾನೆ.

ಕಾಮೆಂಟರಿ ಬಗ್ಗೆ ಒಂದು ಮಾತು. ಜೋ ಟೆಸ್ಸಿಟೋರ್ ಜೊತೆ ಟೆಡ್ಡಿ ಅಟ್ಲಾಸ್ ಇದ್ದಾರೆ. ಈ ಅಟ್ಲಾಸ್ ಕ್ಯಾಟ್‌ಸ್ಕಿಲ್‌ನಲ್ಲಿ ಹುಡುಗ ಟೈಸನ್‌ಗೆ ತರಬೇತಿ ಕೊಟ್ಟವರು. 1994ರಲ್ಲಿ 45ರ ಫೋರ್‌ಮನ್ ಒಂದು ಬಲಗೈ ಏಟಿಗೆ ಮೈಕೆಲ್ ಮೂರರ್‌ನನ್ನು ಮಲಗಿಸಿದಾಗ ಮೂರರ್ ಮೂಲೆಯಲ್ಲಿ ತರಬೇತುದಾರರಾಗಿ ನಿಂತಿದ್ದವರೂ ಅವರೇ. ಫೋರ್‌ಮನ್–ಟೈಸನ್ ಪಂದ್ಯ ಹಾಕಿ ಅವರ ದನಿ ಕೇಳುವುದರಲ್ಲಿ ಒಂದು ಮಜಾ ಇದೆ. ಆದರೆ ಅದೇ ಮಾತುಗಳು ತಿರುಗಿ ತಿರುಗಿ ಬರುತ್ತವೆ, ಆಮೇಲೆ ನಾನು ಮ್ಯೂಟ್ ಮಾಡಿ ಪಾಡ್‌ಕಾಸ್ಟ್ ಹಾಕಿಕೊಳ್ಳುತ್ತೇನೆ.

ಆಂಡ್ರೆ ಬಿಷಪ್ ಅನ್ನುವವನ ಜೈಲು ಕಥೆಯ ಮೋಡ್ ಕೂಡ ಇದೆ, ಚೆನ್ನಾಗಿದೆ, ಒಂದು ಸಲ ಆಡಿ. ರಕ್ತ, ಬೈಗುಳ ಇದೆ. ಮಕ್ಕಳ ಮುಂದೆ ಬೇಡ.

ತೊಗೋಬಹುದಾ ಅಂದರೆ, ಡಿಸ್ಕ್ ಹಾಕುವ ಎಕ್ಸ್‌ಬಾಕ್ಸ್ ಇದ್ದರೆ ಹೂಂ, ಕಣ್ಣು ಮುಚ್ಚಿ. ಇದಕ್ಕೋಸ್ಕರವೇ ಹಳೆ ಪಿಎಸ್3 ಹುಡುಕಿ ಕೊಳ್ಳುವಷ್ಟು ಅಲ್ಲ. ಎರಡು ಕಂಟ್ರೋಲರ್ ಇಟ್ಟುಕೊಳ್ಳಿ. ಎದುರು ಕೂತವನು ಟೈಸನ್ ತಗೊಂಡು ಬರೀ ಹುಕ್ ಒತ್ತುತ್ತಾ ಕೂತರೆ ಫೋರ್‌ಮನ್ ತಗೊಳ್ಳಿ, ಹಿಂದೆ ಸರಿಯಬೇಡಿ, ಅಪ್ಪರ್‌ಕಟ್ ಒಂದನ್ನೇ ನಂಬಿ.