ಸವಾರನಿಗೂ ಕುದುರೆಗೂ ಒಬ್ಬರೇ ಮಸಾಜ್ ಚಿಕಿತ್ಸಕಿ: ಅರ್ಹತೆ ಹೇಗಿದೆ?

ಚಿಕ್ಕಮಗಳೂರಿನಲ್ಲಿ ಕ್ರೀಡಾಪಟುಗಳಿಗೂ ಕುದುರೆಗಳಿಗೂ ಮಸಾಜ್ ಮಾಡುವ ಚಿಕಿತ್ಸಕಿಯೊಬ್ಬರ ಬಳಿಗೆ ನಾನು ಹೋಗುತ್ತಿದ್ದೇನೆ. ನನ್ನ ಕುದುರೆಯನ್ನು ನೋಡಲು ಅವರೇ ನಮ್ಮ ತೋಟಕ್ಕೆ ಬರುತ್ತಾರೆ. ಅವರ ಕೈಗುಣವನ್ನು ಹೊಗಳುವ ಮೊದಲು ಅವರ ಅರ್ಹತೆಯನ್ನು ವಿವರಿಸುವುದು ಸರಿಯೆಂದು ನನಗೆ ತೋರುತ್ತದೆ, ಏಕೆಂದರೆ ಈ ಕೆಲಸದಲ್ಲಿ ನಂಬಿಕೆ ಹುಟ್ಟಬೇಕಾದದ್ದು ಅಲ್ಲಿಂದಲೇ.

ಫಿಸಿಯೋಥೆರಪಿ ಪದವಿಯ ಜೊತೆಗೆ ಅವರು ಬ್ರಿಟನ್ನಿನ ನಾಲ್ಕನೇ ಹಂತದ ಕ್ರೀಡಾ ಮಸಾಜ್ ತರಬೇತಿ ಪಡೆದಿದ್ದಾರೆ. ಅಲ್ಲಿ ಮೂರನೇ ಹಂತದ ತರಬೇತಿ ಗಾಯವಿಲ್ಲದ ಸ್ನಾಯುಗಳಿಗೆ ಸೀಮಿತವಾದದ್ದು. ಸಾಮಾನ್ಯ ಕ್ರೀಡಾಗಾಯಗಳ ಚಿಕಿತ್ಸೆ ನಾಲ್ಕನೇ ಹಂತದಲ್ಲಿ ಬರುತ್ತದೆ. ಮುಳ್ಳಯ್ಯನಗಿರಿಯ ಏರಿನಲ್ಲಿ ಓಡಿ ಮೀನಖಂಡ ಹಿಡಿದುಕೊಂಡಿದೆ ಎಂದು ನಾನು ಹೇಳಿದಾಗ ಅವರು ಕೂಡಲೇ ಎಣ್ಣೆ ಹಚ್ಚಲಿಲ್ಲ. ಎರಡೂ ಕಾಲುಗಳ ಊತವನ್ನೂ ಬಿಸಿಯನ್ನೂ ಹೋಲಿಸಿ ನೋಡಿ, ಇತ್ತೀಚೆಗೆ ದೂರದ ಪ್ರಯಾಣವೇನಾದರೂ ಮಾಡಿದ್ದಿರಾ ಎಂದು ಕೇಳಿದರು. ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ನೀವಿದಾಗ ಅದು ಕಳಚಿ ಶ್ವಾಸಕೋಶವನ್ನು ಸೇರಬಹುದು ಎಂಬ ಎಚ್ಚರ ಆ ಪ್ರಶ್ನೆಯ ಹಿಂದಿತ್ತು.

ಮನುಷ್ಯರ ವಿಷಯದ ಪ್ರಮಾಣಪತ್ರ ಎಷ್ಟೇ ದೊಡ್ಡದಿದ್ದರೂ ಕುದುರೆಗೆ ಅದು ಸಲ್ಲುವುದಿಲ್ಲ. ಹೆಗಲನ್ನು ಎದೆಯ ಮೂಳೆಗೆ ಜೋಡಿಸುವ ಕೊರಳೆಲುಬೇ (ಕಾಲರ್‌ಬೋನ್) ಕುದುರೆಗೆ ಇಲ್ಲ. ಅದರ ಮುಂಗಾಲುಗಳು ಕೀಲಿನ ಆಸರೆಯಿಲ್ಲದೆ ಸ್ನಾಯುಗಳ ಬಲದಿಂದಲೇ ಎದೆಗೂಡಿಗೆ ಅಂಟಿಕೊಂಡಿರುವುದರಿಂದ, ಹೆಗಲಿನ ಬಿಗಿತ ಇಡೀ ನಡಿಗೆಯನ್ನು ಕೆಡಿಸಬಲ್ಲದು. ಇದಕ್ಕಾಗಿ ಅವರು ಕುದುರೆಯ ಅಂಗರಚನೆಯನ್ನೂ ಮಸಾಜನ್ನೂ ಪ್ರತ್ಯೇಕವಾಗಿ ಕಲಿತಿದ್ದಾರೆ. ಆದರೂ "ಪಶುವೈದ್ಯರು ನೋಡಿ ಬರೆದುಕೊಟ್ಟ ಮೇಲೆಯೇ ನಾನು ಲಾಯಕ್ಕೆ ಬರುವುದು ಸರ್" ಎಂದು ಮೊದಲ ಫೋನಿನಲ್ಲೇ ತಿಳಿಸಿದರು. ನಮ್ಮಲ್ಲಿ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿ ನೋಂದಾಯಿತ ವೈದ್ಯರಿಗೇ ಮೀಸಲು. ಪ್ರಾಣಿಗಳ ಫಿಸಿಯೋಥೆರಪಿ ಪಶುವೈದ್ಯರ ನಿರ್ದೇಶನದಲ್ಲೇ ನಡೆಯಬೇಕೆಂಬ ನಿಯಮ ಬ್ರಿಟನ್ನಿನಲ್ಲೂ ಇದೆ. ರೋಗವನ್ನು ಗುರುತಿಸುವ ಕೆಲಸ ತನ್ನದಲ್ಲವೆಂದು ತಾವಾಗಿಯೇ ಹೇಳುವ ಚಿಕಿತ್ಸಕರನ್ನು ನಾನು ಮನಸಾರೆ ಗೌರವಿಸುತ್ತೇನೆ.

ಲಾಯದಲ್ಲಿ ಅವರು ಮೊದಲು ಕುದುರೆಯನ್ನು ಗಟ್ಟಿನೆಲದ ಮೇಲೆ ನಡೆಸಿ ನೋಡಿದರು. ಅನಂತರ ಬೆನ್ನಿನುದ್ದಕ್ಕೂ ಅಂಗೈ ಸವರುತ್ತ ಹೋದಾಗ, ಜೀನಿನ ಮುಂಭಾಗ ಕೂರುವ ಜಾಗದಲ್ಲಿ ಚರ್ಮ ಅದುರಿ ಕುದುರೆ ಕಿವಿಗಳನ್ನು ಹಿಂದಕ್ಕೆ ಮಡಚಿತು. ಅವರು ಒತ್ತಡವನ್ನು ಅಲ್ಲಿಗೇ ಸಡಿಲಿಸಿ, ಜೀನನ್ನು ತರಿಸಿ ತಿರುವಿ ನೋಡಿ, ಒಂದು ಬದಿಯ ಮೆತ್ತೆ ಕುಸಿದಿರುವುದನ್ನು ತೋರಿಸಿದರು. ಜೀನು ಸರಿಪಡಿಸದೆ ಎಷ್ಟು ನೀವಿದರೂ ನೋವು ಮರುಕಳಿಸುತ್ತದೆ ಎಂದು ಹೇಳಿ ಮುಂದಿನ ಭೇಟಿಯನ್ನು ಅವರೇ ಮುಂದೂಡಿದರು.

ಶುಲ್ಕ ಸ್ವಲ್ಪ ಹೆಚ್ಚೇ, ಪ್ರಯಾಣದ ಖರ್ಚು ಬೇರೆ. ನನ್ನ ಮುಖ್ಯ ಆಕ್ಷೇಪ ಅವರ ನಾಮಫಲಕದ ಬಗ್ಗೆ: ಮನುಷ್ಯರ ಅರ್ಹತೆ, ಕುದುರೆಗಳ ಅರ್ಹತೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆಸಿರುವುದರಿಂದ ಯಾವುದು ಯಾರಿಗೆಂದು ಹೊಸಬರಿಗೆ ತಿಳಿಯುವುದಿಲ್ಲ. ಕೇಳಿದರೆ ಮೂಲ ಪ್ರಮಾಣಪತ್ರಗಳನ್ನು ಬೇಸರವಿಲ್ಲದೆ ತೋರಿಸುತ್ತಾರೆ. ಕುದುರೆಯನ್ನು ತೋರಿಸಬೇಕೆನ್ನುವವರು ಪಶುವೈದ್ಯರ ಚೀಟಿಯನ್ನು ಮೊದಲೇ ಬರೆಸಿಟ್ಟುಕೊಳ್ಳಿ.