ವೈಫೈ ಸಿಕ್ತು, ಲಾಗಿನ್ ಪುಟ ಎಲ್ಲಿ?

ಕಳೆದ ತಿಂಗಳು ಒಂದು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ವೈಫೈ ಗುರುತು ತುಂಬಿತ್ತು. ಮೇಲ್ ಮಾತ್ರ ತೆರೆಯಲಿಲ್ಲ. ಮೊಬೈಲ್ ನಂಬರ್ ಕೇಳುವ ಪುಟವೂ ಬರಲಿಲ್ಲ. ಯಾವ ಸೈಟಿಗೆ ಹೋದರೂ 'ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ಗಾಡಿಗೆ ಇದ್ದ ಇಪ್ಪತ್ತು ನಿಮಿಷದಲ್ಲಿ ಹತ್ತು ಅದಕ್ಕೇ ಹೋಯಿತು.

ಆಗಿದ್ದು ಇಷ್ಟು. ಲಾಗಿನ್ ಆಗುವ ತನಕ ನಾವು ಕೇಳಿದ ಪುಟವನ್ನು ವೈಫೈ ನಡುವೆಯೇ ತಡೆದು ತನ್ನ ಪುಟ ಕೊಡುತ್ತದೆ. ಎಚ್‌ಟಿಟಿಪಿಎಸ್, ಅಂದರೆ ಬ್ರೌಸರ್ ಮತ್ತು ಸೈಟ್ ನಡುವಿನ ಮಾತಿಗೆ ಹಾಕುವ ಬೀಗ, ಇರುವುದೇ ಹೀಗೆ ಯಾರೂ ನಡುವೆ ಕೈ ಹಾಕದಿರಲಿ ಅಂತ. ಈಗ ಹೆಚ್ಚುಕಮ್ಮಿ ಎಲ್ಲ ಸೈಟೂ ಎಚ್‌ಟಿಟಿಪಿಎಸ್ ಅಲ್ವಾ, ಹಾಗಾಗಿ ಬ್ರೌಸರ್ ಬಾಗಿಲು ಹಾಕಿಬಿಡುತ್ತದೆ. ದಯವಿಟ್ಟು ಆ ಎಚ್ಚರಿಕೆ ದಾಟಿ ಮುಂದೆ ಹೋಗಬೇಡಿ. ಬೇರೆ ದಾರಿಗಳಿವೆ. ಆಮೇಲೆ ಹೋದ ಕಡೆಯಲ್ಲೆಲ್ಲ ಒಂದೊಂದನ್ನೇ ಹಿಡಿದು ನೋಡಿದೆ.

ಲ್ಯಾಪ್‌ಟಾಪಿನಲ್ಲಿ ನನಗೆ ಹಿಡಿಸಿದ್ದು ಫೈರ್‌ಫಾಕ್ಸ್ ಬ್ರೌಸರ್. ಅದು ನಾವು ಕೇಳುವ ಮೊದಲೇ ಆ ಬೀಗವಿಲ್ಲದ ತನ್ನದೊಂದು ಎಚ್‌ಟಿಟಿಪಿ ವಿಳಾಸಕ್ಕೆ ಹೋಗಿ ನೋಡುತ್ತದೆ. ಬರಬೇಕಾದ ಉತ್ತರ ಬರದಿದ್ದರೆ ಪುಟದ ಮೇಲ್ಗಡೆ ಸೂಚನೆಯ ಪಟ್ಟಿಯೊಂದನ್ನು ತೋರಿಸುತ್ತದೆ. ಅದರಲ್ಲಿರುವ ಗುಂಡಿ ಒತ್ತಿದರೆ ಲಾಗಿನ್ ಪುಟ. ಕ್ರೋಮ್ ದಾರಿ ಬೇರೆ. ಎಚ್‌ಟಿಟಿಪಿಎಸ್ ಪುಟವೊಂದು ತೊಡಕಿಗೆ ಸಿಕ್ಕಿದ ಮೇಲೆ ಅದು ಹುಡುಕಲು ಶುರು ಮಾಡುತ್ತದೆ. ಲಾಗಿನ್ ಪುಟ ಇದೆ ಅಂತ ಗೊತ್ತಾದರೆ ತಾನೇ ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ. ಅದೂ ಚೆನ್ನಾಗಿದೆ, ಆದರೆ ಸ್ವಲ್ಪ ಕಾಯಬೇಕು.

ಫೋನಿನಲ್ಲಿ ಬ್ರೌಸರ್ ಗೊಡವೆಯೇ ಬೇಡ. ಆಂಡ್ರಾಯ್ಡ್ ವೈಫೈ ಸೇರಿದ ಕೂಡಲೇ ಒಂದು ವಿಳಾಸ ಕೇಳುತ್ತದೆ. ಅಲ್ಲಿಂದ 204 ಎಂಬ ಖಾಲಿ ಉತ್ತರ ಬರಬೇಕು. ಬೇರೇನಾದರೂ ಬಂದರೆ ಸೈನ್ ಇನ್ ಆಗಿ ಅನ್ನುವ ಸೂಚನೆ ಬರುತ್ತದೆ. ನನಗೆ ಅದೂ ಬಂದಿರಲಿಲ್ಲ. ಕಾರಣ, ಫೋನ್ ಸೆಟ್ಟಿಂಗ್‌ನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ (ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿ ಕೊಡುವ ಸೇವೆ) ನಾನೇ ಒಂದು ಸರ್ವರ್ ಹೆಸರು ಹಾಕಿಟ್ಟಿದ್ದೆ. ಲಾಗಿನ್ ಆಗದೆ ಆ ಡಿಎನ್‌ಎಸ್ ಸಿಗಲ್ಲ, ಅದು ಸಿಗದೆ ಕೆಲವೊಮ್ಮೆ ಲಾಗಿನ್ ಪುಟವೂ ಬರಲ್ಲ. ಅದನ್ನು ಆಟೋಮ್ಯಾಟಿಕ್‌ಗೆ ಬದಲಿಸಿದೆ, ಸೂಚನೆ ಬಂತು.

ರೂಟರ್ ವಿಳಾಸ ನೇರವಾಗಿ ಹೊಡೆದೂ ನೋಡಿದೆ. ಒಂದು ಕಡೆ ಬಂತು, ಉಳಿದ ಕಡೆ ಇಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಇವೆಲ್ಲ ಕೈಕೊಟ್ಟಾಗ ಕಾಪಾಡಿದ್ದು ಒಂದು ಬುಕ್‌ಮಾರ್ಕ್: ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ (neverssl.com). ಇದು ಬೇಕೆಂದೇ ಎಚ್‌ಟಿಟಿಪಿಎಸ್ ಇಲ್ಲದೆ ಇಟ್ಟಿರುವ ಸೈಟು. ಹಾಗಾಗಿ ವೈಫೈ ತನ್ನ ಪುಟವನ್ನು ಇದರ ಜಾಗದಲ್ಲಿ ಸಲೀಸಾಗಿ ತೋರಿಸಬಹುದು. ಎಚ್‌ಟಿಟಿಪಿಎಸ್ ಮಾತ್ರ ಸಾಕು ಅಂತ ಬ್ರೌಸರಿಗೆ ಹೇಳಿಟ್ಟಿದ್ದರೆ ಒಮ್ಮೆ ತಡೆದು ಕೇಳುತ್ತದೆ. ಈ ಒಂದು ವಿಳಾಸಕ್ಕೆ ಹೂಂ ಅನ್ನಿ, ತೊಂದರೆಯಿಲ್ಲ.

ನಾನೀಗ ಫೈರ್‌ಫಾಕ್ಸ್ ಪಟ್ಟಿಗೆ ಹತ್ತು ಸೆಕೆಂಡ್ ಕಾಯುತ್ತೇನೆ, ಬರದಿದ್ದರೆ ಬುಕ್‌ಮಾರ್ಕ್ ಒತ್ತುತ್ತೇನೆ. ವಿಪಿಎನ್ (ನಿಮ್ಮ ನೆಟ್ ಸಂಚಾರವನ್ನೆಲ್ಲ ಬೇರೊಂದು ಸರ್ವರ್ ಮೂಲಕ ಗುಟ್ಟಾಗಿ ಕಳಿಸುವ ಸೇವೆ) ಇದ್ದವರು ಮೊದಲು ಅದನ್ನು ಆಫ್ ಮಾಡಿ. ಒಟಿಪಿ ಹಾಕಿ ಒಳಗೆ ಹೋದ ತಕ್ಷಣ ಮತ್ತೆ ಆನ್ ಮಾಡಿಕೊಳ್ಳಿ.