ಗಾಳಿಯಿಂದಾಗಿ ಒಂದು ದಿನ ತಡೆದ ಉಡಾವಣೆ: ವೆಬ್ ದೂರದರ್ಶಕದ ನಾಸಾ ನೇರಪ್ರಸಾರ ಹೇಗಿತ್ತು?

2021ರ ಡಿಸೆಂಬರ್ 25, ಶನಿವಾರ ಸಂಜೆ, ಭಾರತೀಯ ಕಾಲಮಾನ 5 ಗಂಟೆ 50 ನಿಮಿಷಕ್ಕೆ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕವನ್ನು ಹೊತ್ತ ಏರಿಯಾನ್ 5 ರಾಕೆಟ್ ಫ್ರೆಂಚ್ ಗಯಾನಾದ ಕೂರು ನೆಲೆಯಿಂದ ಮೇಲೇರಿತು. ಅದನ್ನು ನಾಸಾ ತನ್ನ ಟಿವಿ ವಾಹಿನಿಯಲ್ಲೂ ಯೂಟ್ಯೂಬಿನಲ್ಲೂ ನೇರವಾಗಿ ಬಿತ್ತರಿಸಿತು. ಉಡಾವಣೆ ಯಶಸ್ವಿಯಾದ ಸಂಗತಿ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಪರಿಶೀಲಿಸುತ್ತಿರುವುದು ಆ ಪ್ರಸಾರವನ್ನು ಮತ್ತು ಅದಕ್ಕೆ ಹಿಂದಿನ ದಿನಗಳಲ್ಲಿ ಕಾದು ಕುಳಿತವರಿಗೆ ದೊರೆತ ಮಾಹಿತಿಯನ್ನು ಮಾತ್ರ. ಹಾರಾಟವನ್ನು ತೋರಿಸುವುದರಲ್ಲಿ ಉದಾರವಾಗಿದ್ದ ನಾಸಾ, ವಿಳಂಬವನ್ನು ವಿವರಿಸುವುದರಲ್ಲಿ ಜಿಪುಣತನ ತೋರಿತು ಎಂಬುದು ನನ್ನ ಅಭಿಪ್ರಾಯ.

ದಿನಾಂಕ ಮುಂದೆ ಹೋಗುವುದು ಈ ಯೋಜನೆಗೆ ಹೊಸದೇನೂ ಆಗಿರಲಿಲ್ಲ. ಡಿಸೆಂಬರ್ 18ಕ್ಕೆ ನಿಗದಿಯಾಗಿದ್ದ ಉಡಾವಣೆ, ದೂರದರ್ಶಕವನ್ನು ರಾಕೆಟ್ಟಿಗೆ ಜೋಡಿಸುವ ಸಿದ್ಧತೆಯಲ್ಲಿ ಹಿಡಿಪಟ್ಟಿಯೊಂದು ಹಠಾತ್ತನೆ ಬಿಚ್ಚಿಕೊಂಡು ಇಡೀ ಉಪಕರಣ ಕಂಪಿಸಿದ್ದರಿಂದ 22ಕ್ಕೆ ಹೋಯಿತು; ಆಮೇಲೆ ದೂರದರ್ಶಕ ಮತ್ತು ರಾಕೆಟ್ ನಡುವಿನ ಸಂಪರ್ಕದಲ್ಲಿ ತೊಡಕು ಕಾಣಿಸಿಕೊಂಡು 24ಕ್ಕೆ ಹೋಯಿತು. ಈ ಎರಡು ಸಂದರ್ಭಗಳಲ್ಲಿ ಏನಾಯಿತು, ಯಾವ ಪರೀಕ್ಷೆ ನಡೆಯುತ್ತಿದೆ ಎಂಬುದು ಓದುಗರಿಗೆ ತಕ್ಕಮಟ್ಟಿಗೆ ತಿಳಿಯುತ್ತಿತ್ತು. ಮೂರನೆಯ ಬಾರಿ ಹೊರಬಂದ ಪ್ರಕಟಣೆಯಾದರೋ, ಪ್ರತಿಕೂಲ ಹವಾಮಾನದಿಂದಾಗಿ ಉಡಾವಣೆಯನ್ನು 25ಕ್ಕೆ ಮುಂದೂಡಲಾಗಿದೆ, ರಾಕೆಟ್ಟೂ ದೂರದರ್ಶಕವೂ ಜೋಡಣಾ ಕಟ್ಟಡದಲ್ಲಿ ಸುರಕ್ಷಿತವಾಗಿವೆ ಎಂದಷ್ಟೇ ಹೇಳಿ ಮುಗಿಸಿತು. ಮಳೆಯೋ, ಮಿಂಚೋ, ಗಾಳಿಯೋ ಎಂಬುದನ್ನು ಪತ್ರಿಕಾ ವರದಿಗಳಲ್ಲಿ ಹುಡುಕಬೇಕಾಯಿತು.

ಕಾರಣ ಎತ್ತರದ ವಾಯುಸ್ತರದ ಜೋರು ಗಾಳಿ. ನೆಲದ ಮೇಲೆ ಆಕಾಶ ತಿಳಿಯಾಗಿ ಕಂಡರೂ ಹಲವು ಕಿಲೋಮೀಟರ್ ಮೇಲಿನ ಗಾಳಿ ವೇಗವಾಗಿ ಏರುತ್ತಿರುವ ರಾಕೆಟ್ಟಿನ ಮೈಮೇಲೆ ಹೆಚ್ಚಿನ ಒತ್ತಡ ಹೇರಬಲ್ಲದು. ಅವಘಡವಾಗಿ ರಾಕೆಟ್ ಸಿಡಿದರೆ ಅದರ ಚೂರುಗಳು ಸಮುದ್ರದ ಬದಲು ಜನವಸತಿಯತ್ತ ತೂರಿಹೋಗುವ ಅಪಾಯವೂ ಇದೆ. ಆ ದಿನದ ಉಡಾವಣೆಗೆ ಇದ್ದ ಅವಕಾಶ ಕೇವಲ 32 ನಿಮಿಷ. ಅಷ್ಟರೊಳಗೆ ಅನುಮತಿ ಸಿಗದಿದ್ದರೆ ಮತ್ತೆ ಮರುದಿನದ ಮಾತು. ಉಡಾವಣೆಗೆ ಸುಮಾರು 80 ನಿಮಿಷ ಮುಂಚೆ ಆರಂಭವಾದ ಪ್ರಸಾರದಲ್ಲಿ ಇದನ್ನೆಲ್ಲ ಒಂದು ನಕ್ಷೆಯಿಟ್ಟು ಹೇಳಲು ಬೇಕಾದಷ್ಟು ಬಿಡುವಿತ್ತು. ಆದರೆ ಆ ಬಿಡುವಿನ ಬಹುಪಾಲನ್ನು ಮೊದಲೇ ಚಿತ್ರೀಕರಿಸಿಟ್ಟ ತುಣುಕುಗಳೂ ಸಂದರ್ಶನಗಳೂ ಆಕ್ರಮಿಸಿದವು. ಚಿನ್ನದ ಲೇಪವಿರುವ 18 ಬೆರಿಲಿಯಂ ಕನ್ನಡಿಗಳು, ಟೆನಿಸ್ ಅಂಕಣದಷ್ಟು ಅಗಲದ ಐದು ಪದರಗಳ ಸೂರ್ಯರಕ್ಷಕ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ದೂರದರ್ಶಕ ನಿಲ್ಲಬೇಕಿದ್ದ ನೆಲೆ ಮುಂತಾದವು ತಿಂಗಳುಗಟ್ಟಲೆ ಕೇಳಿದ ವಿಷಯಗಳೇ ಆಗಿದ್ದವು.

ಕೂರು ನಮಗೂ ಅಪರಿಚಿತ ಊರಲ್ಲ. 1981ರ ಆ್ಯಪಲ್ ಉಪಗ್ರಹದಿಂದ ಹಿಡಿದು 2018ರಲ್ಲಿ ಹಾರಿದ 5,854 ಕಿಲೋಗ್ರಾಂ ತೂಕದ ಜಿಸ್ಯಾಟ್-11ರವರೆಗೆ ಬೆಂಗಳೂರಿನಲ್ಲಿ ಸಿದ್ಧವಾದ ಎಷ್ಟೋ ಉಪಗ್ರಹಗಳು ಅಲ್ಲಿಂದಲೇ ಏರಿವೆ. ಹಾಸನದ ನಿಯಂತ್ರಣ ಕೇಂದ್ರಕ್ಕೆ ಸಂಕೇತ ತಲುಪಿತೆಂಬ ಸುದ್ದಿಗಾಗಿ ಕಾದು ಅಭ್ಯಾಸವಿದ್ದ ಕನ್ನಡದ ನೋಡುಗರಿಗೆ ಈ ನೆಲೆಯ ಸಂಪ್ರದಾಯಗಳು ಸುಲಭವಾಗಿ ಅರ್ಥವಾಗುತ್ತಿದ್ದವು.

ಕ್ಷಣಗಣನೆ ಕೊನೆಯ ಹಂತಕ್ಕೆ ಬಂದ ಮೇಲೆ ಪ್ರಸಾರದ ಗುಣವೇ ಬದಲಾಯಿತು. ನಿರೂಪಕರು ಮಾತು ಕಡಿಮೆ ಮಾಡಿ ಕೂರಿನ ನಿಯಂತ್ರಣ ಕೊಠಡಿಯ ಧ್ವನಿಗೆ ಜಾಗ ಕೊಟ್ಟರು. ಅಲ್ಲಿಂದ ಫ್ರೆಂಚ್ ಭಾಷೆಯಲ್ಲಿ ಎಣಿಕೆ ಕೇಳಿಬಂದಿತು, ಎಂಜಿನ್ ಹೊತ್ತಿತು, ಕೆಲವೇ ಕ್ಷಣಗಳಲ್ಲಿ ರಾಕೆಟ್ ಮೋಡದೊಳಗೆ ಮರೆಯಾಯಿತು. ಅಷ್ಟು ಬೇಗ ಕಣ್ಮರೆಯಾದದ್ದಕ್ಕೆ ನಾಸಾವನ್ನು ದೂರಲಾಗದು. ಮುಂದಿನ ಹೊತ್ತನ್ನು ಬಹುಮಟ್ಟಿಗೆ ಅನಿಮೇಷನ್ ಚಿತ್ರಗಳೇ ತುಂಬಿದವು. ಯಾವುದು ಚಿತ್ರಣ, ಯಾವುದು ನೈಜ ದೃಶ್ಯ ಎಂಬುದನ್ನು ಇನ್ನಷ್ಟು ದಪ್ಪ ಅಕ್ಷರಗಳಲ್ಲಿ ಸೂಚಿಸಬೇಕಿತ್ತು.

ಈ ಕೊರತೆಗಳನ್ನೆಲ್ಲ ಮರೆಸಿದ್ದು ಸುಮಾರು 27 ನಿಮಿಷಗಳ ಬಳಿಕ ಬಂದ ದೃಶ್ಯ. ರಾಕೆಟ್ಟಿನ ಮೇಲ್ಹಂತಕ್ಕೆ ಅಳವಡಿಸಿದ್ದ ಕ್ಯಾಮೆರಾ, ತನ್ನಿಂದ ಬೇರ್ಪಟ್ಟು ನಿಧಾನವಾಗಿ ದೂರ ಸರಿಯುತ್ತಿದ್ದ ದೂರದರ್ಶಕವನ್ನು, ಪಕ್ಕದಲ್ಲೇ ಭೂಮಿಯ ನೀಲಿ ಅಂಚಿನೊಂದಿಗೆ ನೇರವಾಗಿ ತೋರಿಸಿತು. ಸ್ವಲ್ಪ ಹೊತ್ತಿಗೆ ಸೌರಫಲಕ ಬಿಚ್ಚಿಕೊಂಡು ಬಿಸಿಲಿಗೆ ಹೊಳೆಯಿತು. ತನ್ನನ್ನು ತಾನೇ ನೋಡಿಕೊಳ್ಳುವ ಕ್ಯಾಮೆರಾ ವೆಬ್‌ನಲ್ಲಿ ಇಲ್ಲದಿರುವುದರಿಂದ, ಮುಂದೆ ಸೂರ್ಯರಕ್ಷಕವೂ ಕನ್ನಡಿಗಳೂ ಬಿಚ್ಚಿಕೊಂಡ ಬಗೆಯನ್ನು ನಾವು ದತ್ತಾಂಶ ಮತ್ತು ಅನಿಮೇಷನ್ ಮೂಲಕವೇ ತಿಳಿಯಬೇಕಾಯಿತು. ಆ ದೃಷ್ಟಿಯಿಂದ ಈ ಕೆಲವು ನಿಮಿಷಗಳಿಗೆ ಬೆಲೆ ಕಟ್ಟಲಾಗದು, ಮತ್ತು ಆಗ ವಿವರಣೆಕಾರರು ಅತಿಮಾತಿಗೆ ಇಳಿಯದೆ ಸಭ್ಯವಾಗಿ ಹಿಂದೆ ಸರಿದು ನಿಂತದ್ದು ಮೆಚ್ಚಬೇಕಾದ ಸಂಯಮ.

ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್ ಭಾಷೆಯಲ್ಲಿಯೂ ಪ್ರಸಾರವಿತ್ತು. ಇಂಗ್ಲಿಷ್ ವಿವರಣೆಯಲ್ಲಿ ಸಂಕ್ಷೇಪಾಕ್ಷರಗಳು ಸ್ವಲ್ಪ ಹೆಚ್ಚೇ ಆದರೂ ಕಾಲೇಜು ವಿದ್ಯಾರ್ಥಿಗಳಿಗೆ ಕಷ್ಟವಾಗದು.

ಪ್ರಸಾರದ ವಿಡಿಯೊ ಮುದ್ರಿಕೆಯನ್ನು ಈಗ ನೋಡುವವರು ಮೊದಲ ಒಂದು ಗಂಟೆಯನ್ನು ದಾಟಿಸಿ, ಕಂಪ್ಯೂಟರುಗಳು ಎಣಿಕೆಯನ್ನು ವಹಿಸಿಕೊಳ್ಳುವ ಕೊನೆಯ 7 ನಿಮಿಷಗಳಿಂದ ಆರಂಭಿಸಿ ಸೌರಫಲಕ ಬಿಚ್ಚುವವರೆಗೆ ನೋಡಿದರೆ ಸಾಕು. ಮಕ್ಕಳೊಂದಿಗೆ ನೋಡುವುದಾದರೆ, ಮೇಲ್ಗಾಳಿಯ ವಿಷಯವನ್ನು ನೀವೇ ಮೊದಲು ಹೇಳಿಕೊಡುವುದು ಒಳ್ಳೆಯದು. ಪ್ರಸಾರದಿಂದ ಅದು ಅವರಿಗೆ ಸಿಗುವುದಿಲ್ಲ.